ಅಕ್ಕ ಎತ್ತಿದ ಎಲೆ

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ನನ್ನ ಹೊಟ್ಟೆಗೆ ನಾನು ತೆಗೆದುಕೊಳ್ಳುವ ಮದ್ದಿನ ವಿಷಯವನ್ನು ಇನ್ನೊಬ್ಬರಿಗೆ ಹೇಳಲೇಬೇಕೇ?"

ಅವನಿಗೆ ಐವತ್ತು ದಾಟಿತ್ತು. ತೂಕ ಇಳಿಸಲು ವೈದ್ಯರು ವಾರಕ್ಕೊಂದು ಇಂಜೆಕ್ಷನ್ ಬರೆದುಕೊಟ್ಟಿದ್ದರು. ಮಂಡಿನೋವು ಕಡಿಮೆಯಾಗಿತ್ತು, ಸಕ್ಕರೆ ಹತೋಟಿಗೆ ಬಂದಿತ್ತು. ಹಸಿವು ಮಾತ್ರ ಹೇಳದೆ ಕೇಳದೆ ಹೊರಟುಹೋಗಿತ್ತು. ಮನೆಯಲ್ಲಿ ಅವನು ಯಾರಿಗೂ ತಿಳಿಸಿರಲಿಲ್ಲ. ರಾತ್ರಿ ತಟ್ಟೆಯಲ್ಲಿ ಅನ್ನ ಉಳಿದರೆ ಹೊರಗೆ ತಿಂದು ಬಂದೆ ಎನ್ನುತ್ತಿದ್ದ. ಇದರಿಂದ ಯಾರಿಗೂ ನಷ್ಟವಿಲ್ಲವಲ್ಲ ಎಂಬುದು ಅವನ ವಾದ.

ಗುರುಗಳು ನಕ್ಕರು. ಊಟದ ಮಾತು ಬಂದರೆ ಅವರಿಗೆ ಮೊದಲಿನಿಂದಲೂ ಉತ್ಸಾಹ. ಕಾಲು ಮಡಿಸಿ ಸರಿಯಾಗಿ ಕುಳಿತು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ದೊಡ್ಡ ಊಟಗಾರ. ಅವನು ಪಂಕ್ತಿಯಲ್ಲಿ ಕುಳಿತರೆ ಬಡಿಸುವವರು ಹೋಳಿಗೆಯ ಬುಟ್ಟಿಯನ್ನು ಅವನ ಮುಂದೆಯೇ ಇಟ್ಟು ಪಲ್ಯ ತರಲು ಹೋಗುತ್ತಿದ್ದರು. ಹೋಳಿಗೆ ಎಂದರೆ ಬೇಳೆ ಹೋಳಿಗೆ. ಕಾಯಿ ಹೋಳಿಗೆಯ ಪಕ್ಷದವರೂ ಇದ್ದಾರೆ, ಅವರ ತಂಟೆ ನಮಗೆ ಬೇಡ.

ಇವನಿಗೊಬ್ಬಳು ಅಕ್ಕ. ಅವಳನ್ನು ದೂರದ ಊರಿಗೆ ಕೊಟ್ಟಿತ್ತು. ದೀಪಾವಳಿ ಮುಗಿದ ಮೇಲೆ ತಮ್ಮನಾದವನು ಅಕ್ಕನ ಮನೆಗೆ ಹೋಗಿ ಅವಳ ಕೈಯೂಟ ಉಣ್ಣಬೇಕು, ಉಂಡರೆ ಅವನ ಆಯುಷ್ಯ ಹೆಚ್ಚುತ್ತದೆ ಎಂಬುದು ಅವರ ಕಡೆಯ ನಂಬಿಕೆ. ಅಕ್ಕನ ತದಿಗೆ ಎನ್ನುತ್ತಾರೆ. ಆ ಮನೆಯಲ್ಲಿ ಇನ್ನೂ ಒಂದು ಪದ್ಧತಿ ಇತ್ತು. ಆ ದಿನ ತಮ್ಮ ಉಂಡ ಎಲೆಯನ್ನು ಅಕ್ಕನೇ ಎತ್ತಬೇಕು. ಸೊಸೆ ಎತ್ತುವಂತಿಲ್ಲ, ಕೆಲಸದವಳಿಗೆ ಬಿಡುವಂತಿಲ್ಲ.

ವ್ಯಾಪಾರಿಗೆ ನಡುವಯಸ್ಸು ಬಂತು, ಮೈ ಬೆಳೆಯಿತು, ಅಂಗಡಿಯ ಮೆಟ್ಟಿಲು ಹತ್ತಿದರೆ ಏದುಸಿರು. ಅವನಿಗೂ ವೈದ್ಯರು ಸೂಜಿ ಮದ್ದು ಕೊಟ್ಟರು. ಕೆಲವು ತಿಂಗಳಲ್ಲಿ ಅಂಗಿಗಳು ಜೋಲುಬಿದ್ದವು. ಮೊದಲು ಸಂಜೆಯಾದರೆ ಹೋಟೆಲಿನ ಬೋಂಡದ ವಾಸನೆಗೆ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಹೋಗುತ್ತಿದ್ದವನು, ಈಗ ಆ ಹೊತ್ತನ್ನು ಏನು ಮಾಡಬೇಕೆಂದು ತಿಳಿಯದೆ ಮಡಿಸಿದ ಸೀರೆಯನ್ನೇ ಮತ್ತೆ ಮಡಿಸುತ್ತಿದ್ದ. ನಾಲ್ಕು ತುತ್ತು ಮೀರಿದರೆ ಹೊಟ್ಟೆ ತೊಳಸುತ್ತಿತ್ತು. ಆದರೆ ಸೂಜಿಯ ವಿಷಯ ಯಾರಿಗೂ ಹೇಳಲಿಲ್ಲ. ಬಾಯಿ ಕಟ್ಟಲಾರದೆ ಮದ್ದಿಗೆ ಹೋದ ಎಂದು ನಗುತ್ತಾರೆ ಎಂಬ ನಾಚಿಕೆ.

ಆ ವರ್ಷವೂ ಅಕ್ಕನ ಮನೆಗೆ ಹೋದ. ಅವನ ಕೊರಳ ಮೂಳೆ ಕಂಡು ಅಕ್ಕ ಏನಾಯಿತೆಂದು ಕೇಳಿದಳು. ಬೆಳಗಿನ ನಡಿಗೆ ಶುರುಮಾಡಿದ್ದೇನೆ ಎಂದ. ಭಾವ ಮಾತ್ರ, ಬಟ್ಟೆ ಅಳೆಯುವಾಗ ಗೇಣು ಕಡಿಮೆ ಕೊಡುವವನನ್ನು ಈಗ ಯಾರೋ ಹಾಗೆಯೇ ಅಳೆದಿದ್ದಾರೆ ಎಂದು ಹಾಸ್ಯ ಮಾಡಿದರು.

ಊಟದಲ್ಲಿ ಅಕ್ಕ ಎರಡು ಹೋಳಿಗೆ ಬಡಿಸಿ, ತುಪ್ಪ ಹಾಕಿ, ಒಳಗೆ ಹೋದಳು. ಬೇಡ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಹಾಗೆಂದು ತಿನ್ನಲೂ ಆಗಲಿಲ್ಲ. ಎಲೆ ಮಡಿಸುವಾಗ ಹೋಳಿಗೆಗಳನ್ನು ಅದರೊಳಗೇ ಮುಚ್ಚಿಟ್ಟು ಎದ್ದು ಕೈತೊಳೆದ. ಎಲೆ ಎತ್ತುವವರು ಯಾರೆಂಬುದು ಆ ಗಳಿಗೆಯಲ್ಲಿ ನೆನಪಾಗಲಿಲ್ಲ.

ಅಕ್ಕ ಎತ್ತಿದಳು. ಉಂಡ ಎಲೆಗೆ ಇರಬಾರದ ಭಾರ ಅದಕ್ಕಿತ್ತು. ಹಿತ್ತಲಿಗೆ ಹೋಗಿ ಬಿಚ್ಚಿದಳು. ಒಂದು ಚೂರೂ ಮುರಿಯದ ಹೋಳಿಗೆ. ಆ ದಿನ ತಮ್ಮ ಉಣ್ಣದೆ ಬಿಟ್ಟದ್ದೆಲ್ಲ ಅವಳ ಪಾಲಿಗೆ ಅವನ ಆಯುಷ್ಯದಲ್ಲಿ ಕಡಿಮೆಯಾದದ್ದು. ಹಸುವಿಗೆ ಹಾಕಿ ಒಳಗೆ ಬಂದು ಎಲೆಅಡಿಕೆ ಕೊಟ್ಟಳು.

ಆಮೇಲೆ ವರ್ಷವಿಡೀ ಫೋನಿನಲ್ಲೇ ಮಾತು. ಮುಂದಿನ ದೀಪಾವಳಿಗೆ ಹೋದಾಗ ಬಾಗಿಲಿಗೆ ಬಂದ ಅಕ್ಕನ ಗುರುತು ಹತ್ತಲಿಲ್ಲ. ಕೈ ಎತ್ತಿದರೆ ಬಳೆ ಮೊಣಕೈಗೆ ಜಾರುತ್ತಿತ್ತು.

"ಯಾಕಕ್ಕ, ಹೀಗೆ ಇಳಿದುಹೋಗಿದ್ದೀ?"

"ರಾತ್ರಿ ಊಟ ಬಿಟ್ಟಿದ್ದೇನೆ. ನನ್ನ ತಮ್ಮನಿಗೆ ಊಟ ಸೇರುವ ತನಕ ನನಗೂ ಬೇಡ ಅಂತ ದೇವರ ಹತ್ತಿರ ಹೇಳಿಕೊಂಡಿದ್ದೇನೆ. ಹೋದ ವರ್ಷ ನಿನ್ನ ಎಲೆ ಎತ್ತಿದವಳು ನಾನೇ ತಾನೇ. ಏನು ಕಾಯಿಲೆ ಅಂತ ಈಗಲಾದರೂ ಹೇಳು."

ವ್ಯಾಪಾರಿ ಅಲ್ಲೇ ಜಗಲಿಯ ಮೇಲೆ ಕುಳಿತುಬಿಟ್ಟ. ಸೂಜಿಯ ವಿಷಯ, ನಾಚಿಕೆಯ ವಿಷಯ, ಎಲ್ಲ ಹೇಳಿದ. ಸಾಯುವಂಥದ್ದೇನೂ ಇಲ್ಲ, ನಿನ್ನ ಹೋಳಿಗೆ ಅರ್ಧಕ್ಕಿಂತ ಹೆಚ್ಚು ಇಳಿಯುವುದಿಲ್ಲ, ಅಷ್ಟೇ ಎಂದ.

"ಸೂಜಿ ಹೊಟ್ಟೆಗೆ ಚುಚ್ಚಿಕೊಂಡೆಯೋ ಬಾಯಿಗೋ, ತಮ್ಮಾ?" ಎಂದಳು.

ಆ ದಿನ ಅವಳು ಬಡಿಸಿದ್ದು ಅರ್ಧ ಹೋಳಿಗೆ. ಅವನ ಊಟ ಬೇಗ ಮುಗಿಯಿತು. ಅಕ್ಕ ಎಲೆ ಎತ್ತಿದಳು, ಹಗುರಾಗಿತ್ತು. ಹೊತ್ತು ಇನ್ನೂ ಉಳಿದಿತ್ತು. ಅವಳನ್ನು ಕೂರಿಸಿ, ಬುಟ್ಟಿ ಹಿಡಿದು, ಇನ್ನೊಂದು ಇನ್ನೊಂದು ಎಂದು ಅವನೇ ಬಡಿಸಿದ. ಅಷ್ಟು ವರ್ಷ ಉಂಡ ಕೈಗೆ ಬಡಿಸುವುದೂ ಬರುತ್ತದೆ ಎಂಬುದು ಅವನಿಗೇ ಗೊತ್ತಿರಲಿಲ್ಲ.

ಇಷ್ಟು ಹೇಳಿ ಗುರುಗಳು ನೀರು ಕುಡಿದರು. ಶಿಷ್ಯ ಒಪ್ಪಲಿಲ್ಲ. ವ್ಯಾಪಾರಿಯದು ತಪ್ಪು, ಅವನು ಎಲೆಯೊಳಗೆ ಬಚ್ಚಿಟ್ಟ. ತಾನು ಏನನ್ನೂ ಬಚ್ಚಿಡುತ್ತಿಲ್ಲ, ಹೊರಗೆ ತಿಂದು ಬಂದೆ ಎನ್ನುತ್ತೇನೆ ಅಷ್ಟೇ ಎಂದ.

"ಆಗಲಿ," ಎಂದರು ಗುರುಗಳು. "ಮನೆಯಲ್ಲಿ ನಿನ್ನ ತಟ್ಟೆ ಎತ್ತುವವರು ಯಾರು?"