ಎತ್ತಿನ ಹೊಟ್ಟೆಯ ಒಕ್ಕಲು

“ಗುರುಗಳೇ, ನನಗಿಂತ ಮೊದಲು ಅಡವಯ್ಯನಿಗೆ ದೀಕ್ಷೆಯೇ?” ಎಂದು ಊಟ ಬಡಿಸುವ ಶಿಷ್ಯ ಕೇಳಿದ. “ಅವನ ದಪ್ಪ ಮೈ ನೋಡಿ. ಮಿಕ್ಕ ಸಿಹಿ ಹುಗ್ಗಿಯನ್ನೆಲ್ಲ ದಿನವೂ ಅವನ ತಟ್ಟೆಗೇ ಸುರಿಯುತ್ತೇನೆ. ಒಂದು ದಿನವೂ ಬೇಡವೆಂದವನಲ್ಲ. ನಾಲಿಗೆ ಗೆಲ್ಲದವನು ಇನ್ನೇನು ಗೆದ್ದಾನು?”

ಗುರು ಹೇಳಿದರು:

ಒಬ್ಬ ವ್ಯಾಪಾರಿಯ ಬಳಿ ಒಂದು ಎತ್ತಿತ್ತು. ಊರಿನಲ್ಲಿ ಬೇರೆ ಯಾರ ಎತ್ತೂ ಅಷ್ಟು ದುಂಡಗಿರಬಾರದೆಂದು ಅವನು ಹುಲ್ಲು ನಿಲ್ಲಿಸಿದ. ಬೇಯಿಸಿದ ಜೋಳ, ಬೆಲ್ಲ ಮಾತ್ರ ತಿನ್ನಿಸಿದ. ಎತ್ತು ಕೊಬ್ಬಿತು. ನೊಗಕ್ಕೆ ಕಟ್ಟಿದರೆ ಹತ್ತು ಹೆಜ್ಜೆಗೆ ಮಲಗಿತು. ಹೊಟ್ಟೆಬಾಕ ಎಂದು ಬೈದು ಮೇವನ್ನು ಅರ್ಧ ಮಾಡಿದ. ಕೊಬ್ಬು ಕರಗಲಿಲ್ಲ. ಎತ್ತು ಮೆಲುಕು ಹಾಕುವುದನ್ನೂ ಬಿಟ್ಟಿತು. ವ್ಯಾಪಾರಿ ಕಟುಕನಿಗೆ ಹೇಳಿಕಳಿಸಿದ.

ಕೊಟ್ಟಿಗೆ ಗುಡಿಸುವ ಹೆಂಗಸು ಬಾಗಿಲಿಗೆ ಅಡ್ಡ ನಿಂತಳು. ಅವಳೂ ದಪ್ಪಗಿದ್ದಳು.

“ಮೂರು ದಿನ ಕೊಡಿ. ಇದನ್ನು ಏಳಿಸುತ್ತೇನೆ.”

“ಮೊದಲು ನಿನ್ನ ಹೊಟ್ಟೆ ಇಳಿಸಿಕೋ ಹೋಗೇ. ಆಮೇಲೆ ಎತ್ತಿಗೆ ವೈದ್ಯ ಮಾಡುವೆಯಂತೆ.”

ಅವಳು ಕದಲಲಿಲ್ಲ. “ಎತ್ತು ಒಂದೇ ಉಣ್ಣುವುದಿಲ್ಲ, ಯಜಮಾನರೇ. ಅದರ ಹೊಟ್ಟೆಯಲ್ಲಿ ಕಣ್ಣಿಗೆ ಕಾಣದ ಒಕ್ಕಲಿದೆ. ಹುಲ್ಲು ಅರಗಿಸುವುದು ಆ ಒಕ್ಕಲು. ನೀವು ಬೆಲ್ಲ ಸುರಿದು ಅದನ್ನು ಓಡಿಸಿದಿರಿ. ಬೆಲ್ಲ ತಿನ್ನುವ ಒಕ್ಕಲು ಬಂದು ಕೂತಿತು. ಬೈದರೆ ಅದು ಎದ್ದು ಹೋಗುತ್ತದೆಯೇ?”

ನೆರೆಮನೆಯ ಬಡಕಲು ಹಸು ಮೆಲುಕು ಹಾಕುತ್ತಿತ್ತು. ಅವಳು ಅದರ ಬಾಯಿಗೆ ಕೈ ಹಾಕಿ ಮೆಲುಕಿನ ಉಂಡೆಯನ್ನು ತೆಗೆದಳು. ಬೆಚ್ಚಗಿನ ನೀರಿನಲ್ಲಿ ಕಲಸಿ, ಬಿದಿರಿನ ಗೊಟ್ಟದಿಂದ ಎತ್ತಿನ ಗಂಟಲಿಗೆ ಇಳಿಸಿದಳು. ಮುಂದೆ ಬರೀ ಒಣಹುಲ್ಲು ಇಟ್ಟಳು. ಮೂರನೆಯ ದಿನ ಎತ್ತಿನ ದವಡೆ ಆಡಿತು. ಕಟುಕ ಬರಿಗೈಯಲ್ಲಿ ಹಿಂದಿರುಗಿದ. ಮಳೆಗಾಲದ ಹೊತ್ತಿಗೆ ಕೊಬ್ಬು ಇಳಿದು ಎತ್ತು ನೊಗ ಹೊತ್ತಿತು.

ವ್ಯಾಪಾರಿ ನಕ್ಕ. “ಇಷ್ಟೆಲ್ಲ ಬಲ್ಲವಳು, ನೀನೇಕೆ ಹೀಗಿದ್ದೀಯೆ?”

“ಏಳನೆಯ ವಯಸ್ಸಿನಿಂದ ಈ ಮನೆಯಲ್ಲಿ ದುಡಿದಿದ್ದೇನೆ. ಒಂದು ಹಿಡಿ ಸೊಪ್ಪು, ಒಂದು ಹಿಡಿ ಕಾಳು ಯಾರೂ ಕೊಡಲಿಲ್ಲ. ನಿಮ್ಮ ಮಕ್ಕಳು ಬಿಟ್ಟ ಸಿಹಿ, ಕರಿದ ತಿಂಡಿಯ ಚೂರು, ಅದೇ ನನ್ನ ಕೂಲಿ. ಇದು ನಿಮ್ಮ ಮನೆ ಬೆಳೆಸಿದ ಮೈ. ನಗುವುದಾದರೆ ನಿಮ್ಮ ಅಡುಗೆಮನೆಯನ್ನು ನೋಡಿ ನಗಿ. ಎತ್ತಿಗಾಗಿ ನಾನು ಬಾಗಿಲಿಗೆ ಅಡ್ಡ ನಿಂತೆ. ನನಗಾಗಿ ಯಾರು ನಿಂತರು?”

ಗುರು ಕತೆ ನಿಲ್ಲಿಸಿದರು. ಅವರ ಕಣ್ಣು ಶಿಷ್ಯನ ಕೈಯಲ್ಲಿದ್ದ ಸೌಟಿನ ಮೇಲಿತ್ತು.

“ಅಡವಯ್ಯನಿಗೆ ನಾಳೆ ದೀಕ್ಷೆ; ನಿನಗೆ, ನೀನು ಬಡಿಸಲು ಕಲಿತ ದಿನ.”