ಮೇಲಿನ ಹಲಗೆಯ ಬಾಟಲಿ

"ಅಜ್ಜಾರೆ, ಅದೇ ಪೆಟ್ರೋಲು. ಪಟ್ಟಣದಲ್ಲಿ ಒಂದು ಬೆಲೆ, ನಮ್ಮೂರಲ್ಲಿ ಇನ್ನೊಂದು ಬೆಲೆ. ಇದು ಯಾವ ನ್ಯಾಯ?"

ಕೇಳಿದವನು ಮಠದ ಶಿಷ್ಯ ಚನ್ನವೀರ. ಬೆವರಿಗೆ ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಮಠದ ಸ್ಕೂಟರು ಪೆಟ್ರೋಲು ಮುಗಿದು ಊರ ಬಾಗಿಲಲ್ಲೇ ನಿಂತುಬಿಟ್ಟಿತ್ತು. ಅಲ್ಲೇ ಹಂಪವ್ವನ ಅಂಗಡಿ. ಬಂಕು ಇರುವುದು ಇಪ್ಪತ್ತೆಂಟು ಕಿಲೋಮೀಟರ್ ದೂರದ ಪಟ್ಟಣದಲ್ಲಿ. ಊರಲ್ಲಿ ಬಾಟಲಿಗೆ ತುಂಬಿ ಪೆಟ್ರೋಲು ಮಾರುವವಳು ಹಂಪವ್ವ ಒಬ್ಬಳೇ. ಅವಳು ಹೇಳಿದ ಬೆಲೆ ಕೇಳಿ ಚನ್ನವೀರ ಒಂದು ಹನಿಯನ್ನೂ ಕೊಳ್ಳದೆ ಗಾಡಿಯನ್ನು ಮಠದವರೆಗೆ ತಳ್ಳಿಕೊಂಡು ಬಂದಿದ್ದ.

ಅವನ ಕೈಯಲ್ಲಿ ಒಂದು ಅರ್ಜಿ ಇತ್ತು. ಹಂಪವ್ವನ ಪೆಟ್ರೋಲು ವ್ಯಾಪಾರ ನಿಲ್ಲಿಸಬೇಕು ಎಂದು ಪಟ್ಟಣದ ತಾಲ್ಲೂಕು ಕಚೇರಿಗೆ ಬರೆದದ್ದು. ಊರಿನ ಮೂವತ್ತು ಜನ ನಿನ್ನೆಯೇ ಸಹಿ ಹಾಕಿದ್ದರು. ಮಠದ ಹಿರಿಯ ಸ್ವಾಮಿಗಳಾದ ಅಜ್ಜನವರ ಸಹಿಗೆಂದು ಎಲ್ಲರಿಗಿಂತ ಮೇಲೆ ಜಾಗ ಬಿಟ್ಟಿದ್ದ. ಅರ್ಜಿ ಇವತ್ತು ಸಂಜೆಯೊಳಗೆ ಕಚೇರಿ ಮುಟ್ಟಬೇಕಿತ್ತು.

ಅಜ್ಜನವರು ಕನ್ನಡಕ ಹಾಕಿಕೊಂಡು ಅದನ್ನು ಓದಿದರು.

"ಅಕ್ಷರ ದುಂಡಗಿದೆ," ಎಂದರು. "ಸಿಟ್ಟಿನಲ್ಲಿ ಬರೆದರೂ ದುಂಡಗೆ ಬರೆಯುತ್ತೀ. ಕೂತುಕೋ. ಸಹಿ ಆಮೇಲೆ. ಒಂದು ಕತೆ ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡ."

ಚನ್ನವೀರ ಕೂತ. ಅಜ್ಜನವರು ಹೇಳತೊಡಗಿದರು.

ಒಂದು ಹೊಳೆ. ಹೊಳೆಯ ಮಧ್ಯೆ ಒಂದು ನಡುಗಡ್ಡೆ. ಅಲ್ಲಿ ನಲವತ್ತು ಮನೆ, ಒಂದು ಅಂಗಡಿ. ಸೇತುವೆ ಇಲ್ಲ. ಜನ, ಮೂಟೆ, ಬೈಕು, ಎಲ್ಲವೂ ಹರಿಗೋಲಿನಲ್ಲೇ ದಾಟಬೇಕು. ಆಚೆ ದಡ ಸೇರಿದ ಮೇಲೂ ಪಟ್ಟಣದ ಬಂಕಿಗೆ ಮೂರು ಹರಿದಾರಿ.

ಅಂಗಡಿ ಒಬ್ಬ ವ್ಯಾಪಾರಿಯದು. ಉಪ್ಪು, ಬೀಡಿ, ಸೋಪಿನ ಜೊತೆಗೆ ಪೆಟ್ರೋಲನ್ನೂ ಮಾರುತ್ತಿದ್ದ. ಬೆಲೆ ಪಟ್ಟಣಕ್ಕಿಂತ ಲೀಟರಿಗೆ ಇಪ್ಪತ್ತು ರೂಪಾಯಿ ಹೆಚ್ಚು. ಅವನಿಗೊಂದು ಚಾಳಿ ಇತ್ತು. ಎಲ್ಲಕ್ಕಿಂತ ಮೇಲಿನ ಹಲಗೆಯಲ್ಲಿ ಒಂದು ಬಾಟಲಿ ಪೆಟ್ರೋಲು ಇಟ್ಟಿರುತ್ತಿದ್ದ. ಕೆಳಗಿನದೆಲ್ಲ ಖಾಲಿಯಾದರೂ ಅದನ್ನು ಮಾರುತ್ತಿರಲಿಲ್ಲ. ಹೊಸ ಸರಕು ಬಂದ ದಿನ ಅದನ್ನು ಕೆಳಗಿಳಿಸಿ, ಅದರ ಜಾಗದಲ್ಲಿ ಹೊಸದೊಂದನ್ನು ಇಡುತ್ತಿದ್ದ. ಯಾಕಪ್ಪಾ ಎಂದರೆ, "ಅದು ಮಾರುವುದಲ್ಲ" ಎನ್ನುತ್ತಿದ್ದ. ಅಷ್ಟೇ. ಮಾತಿನಲ್ಲಿ ಬಲು ಜಿಪುಣ. ಅವನ ತಪ್ಪು ಅಂತ ಹೇಳುವುದಾದರೆ ಅದೊಂದನ್ನು ಹೇಳಬಹುದು.

ಅದೇ ಊರಲ್ಲಿ ಒಬ್ಬ ರೈತ. ಬದನೆ ಬೆಳೆಯುತ್ತಿದ್ದ. ಪ್ರಾಮಾಣಿಕ ಮನುಷ್ಯ, ಮತ್ತು ಆ ಸಂಗತಿ ಅವನಿಗೇ ಚೆನ್ನಾಗಿ ಗೊತ್ತಿತ್ತು. ಒಂದು ದಿನ ಅಂಗಡಿಯಲ್ಲಿ ನಾಲ್ಕು ಜನರ ಎದುರು ನಿನ್ನ ಪ್ರಶ್ನೆಯನ್ನೇ ಕೇಳಿದ.

"ಒಂದೇ ಪೆಟ್ರೋಲಿಗೆ ಎರಡು ಬೆಲೆ ಹೇಗಾಯಿತು?"

"ಹೊಳೆ ದಾಟಿ ಬಂದಿದೆ," ಎಂದ ವ್ಯಾಪಾರಿ.

"ನಾನೂ ಹೊಳೆ ದಾಟಿ ಬರುತ್ತೇನೆ. ನನ್ನ ಬೆಲೆ ಏರಿದೆಯಾ?"

ಇದ್ದವರು ನಕ್ಕರು. ವ್ಯಾಪಾರಿ ಉಪ್ಪು ತೂಗುತ್ತಿದ್ದ, ತೂಗುತ್ತಲೇ ಇದ್ದ.

ಅದು ಬದನೆ ಕೊಯ್ಲಿನ ಕಾಲ. ರೈತ ವಾರಕ್ಕೆರಡು ಸಲ ಪಟ್ಟಣಕ್ಕೆ ಹೋಗುತ್ತಿದ್ದ. ಬರುವಾಗ ಎರಡು ಕ್ಯಾನು ಪೆಟ್ರೋಲು ತಂದ. ಪಟ್ಟಣದ ಬೆಲೆಗೇ ಕೊಟ್ಟ, ಒಂದು ಪೈಸೆ ಇಟ್ಟುಕೊಳ್ಳಲಿಲ್ಲ. ಊರಿಗೆ ಊರೇ ಅವನನ್ನು ಹೊಗಳಿತು. ವ್ಯಾಪಾರಿಯ ಬಾಟಲಿಗಳನ್ನು ಕೇಳುವವರಿಲ್ಲವಾಯಿತು. ಪೆಟ್ರೋಲು ಕೂತಲ್ಲಿ ಸುಮ್ಮನೆ ಕೂರುವ ಪದಾರ್ಥವಲ್ಲ, ಮುಚ್ಚಳದ ಸಂದಿಯಿಂದ ದಿನಾ ಇಷ್ಟಿಷ್ಟು ಗಾಳಿಗೆ ಹೋಗುತ್ತದೆ. ಮನೆಯಲ್ಲಿ ಇಟ್ಟುಕೊಂಡರೆ ಬೆಂಕಿಯ ಭಯ ಬೇರೆ. ವ್ಯಾಪಾರಿ ಉಳಿದದ್ದನ್ನು ನಷ್ಟಕ್ಕೆ ಮಾರಿದ, ತರುವುದನ್ನು ನಿಲ್ಲಿಸಿದ. ಮೇಲಿನ ಹಲಗೆಯದು ಮಾತ್ರ ಅಲ್ಲೇ ಇತ್ತು.

ಆಮೇಲೆ ಬದನೆ ಮುಗಿಯಿತು. ರೈತನಿಗೆ ಪಟ್ಟಣದಲ್ಲಿ ಕೆಲಸವಿಲ್ಲ. ಊರವರು ಬಿಡಬೇಕಲ್ಲ, "ನಾಳೆ ತರ್ತೀಯಾ?" ಎಂದು ಬೆಳಿಗ್ಗೆಯೇ ಬಾಗಿಲಿಗೆ ಬಂದರು. ಪೆಟ್ರೋಲಿಗೆಂದೇ ಹೋದ. ಈಗ ಲೆಕ್ಕವೇ ಬೇರೆಯಾಯಿತು. ಇಷ್ಟು ದಿನ ಹರಿಗೋಲಿನ ಬಾಡಿಗೆಯನ್ನು ಬದನೆ ಕೊಟ್ಟಿತ್ತು. ಬೈಕು ಕುಡಿದದ್ದನ್ನೂ ಬದನೆಯೇ ಕೊಟ್ಟಿತ್ತು. ಈಗ ಅದನ್ನೆಲ್ಲ ಎರಡು ಕ್ಯಾನು ಹೊರಬೇಕು. ಪೆಟ್ರೋಲು ತರುವುದಕ್ಕೆ ಪೆಟ್ರೋಲನ್ನೇ ಸುಡಬೇಕು, ಒಂದು ದಿನದ ಹೊಲದ ಕೆಲಸವನ್ನೂ ಬಿಡಬೇಕು. ಪಟ್ಟಣದ ಬಂಕಿಗೆ ಟ್ಯಾಂಕರು ತಾನೇ ಬಂದು ಸುರಿದು ಹೋಗುತ್ತದೆ. ಅದರ ಖರ್ಚನ್ನು ಸಾವಿರಾರು ಗಾಡಿಗಳು ಹಂಚಿಕೊಳ್ಳುತ್ತವೆ. ಇಲ್ಲಿ ಹಂಚಿಕೊಳ್ಳುವುದಕ್ಕೆ ನಲವತ್ತು ಮನೆ. ರೈತ ಜಗಲಿಯಲ್ಲಿ ಕೂತು ಭಾಗಿಸಿದ. ಲೀಟರಿಗೆ ಇಪ್ಪತ್ತೊಂದು ರೂಪಾಯಿ ಹೆಚ್ಚು ಬಂತು. ತಪ್ಪಿರಬೇಕು ಎಂದು ಮತ್ತೆ ಭಾಗಿಸಿದ. ಇಪ್ಪತ್ತೊಂದೇ ಬಂತು.

ಎರಡು ಸಲ ನಾಚಿಕೆಗೆ ಆ ಖರ್ಚನ್ನು ಕೈಯಿಂದ ಹಾಕಿಕೊಂಡ. ಮೂರನೆಯ ಸಲ ಇಪ್ಪತ್ತೊಂದು ಹೆಚ್ಚು ಕೇಳಿದ. "ಓ, ನೀನೂ ಕಲಿತುಬಿಟ್ಟೆ ಅನ್ನು," ಎಂದರು ಊರವರು. ಹೊಗಳಿದ್ದ ಬಾಯಿಗಳೇ. ಆ ಮಾತಿನಿಂದ ಅವನಿಗೆ ತುಂಬ ನೋವಾಯಿತು. ಕ್ಯಾನುಗಳನ್ನು ಅಟ್ಟಕ್ಕೆ ಎಸೆದು, ಬೇಕಾದವರು ತಂದುಕೊಳ್ಳಿ ಎಂದ. ನಷ್ಟ ತಿಂದಿದ್ದ ವ್ಯಾಪಾರಿಯೂ ಮತ್ತೆ ಶುರು ಮಾಡಲಿಲ್ಲ. ಅಲ್ಲಿಗೆ ನಡುಗಡ್ಡೆಗೆ ಪೆಟ್ರೋಲು ತರುವವರೇ ಇಲ್ಲದಂತಾಯಿತು.

"ಅಂದರೆ ವ್ಯಾಪಾರಿ ಒಂದು ರೂಪಾಯಿ ಕಡಿಮೆಗೇ ಕೊಡುತ್ತಿದ್ದ," ಎಂದ ಚನ್ನವೀರ.

"ಬಾಯಿ ಹಾಕಬೇಡ ಎಂದಿದ್ದೆ," ಎಂದರು ಅಜ್ಜನವರು. "ವ್ಯಾಪಾರಿಯೇನು ಸಂತನಲ್ಲ. ಅವನು ಒಮ್ಮೆಗೆ ಆರು ಕ್ಯಾನು ತರುತ್ತಿದ್ದ, ಅವನಿಗೆ ಲಾಭವಿತ್ತು. ಹೆಂಡತಿಗೆ ಬುಗುಡಿ ಮಾಡಿಸಿಕೊಟ್ಟಿದ್ದ. ಮುಂದೆ ಕೇಳು."

ಮಳೆಗಾಲ ಬಂತು. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರು. ಹರಿಗೋಲುಗಳನ್ನು ದಡದಲ್ಲಿ ಬೋರಲು ಹಾಕಿದರು. ಆ ನೀರಿನಲ್ಲಿ ದಾಟಬಲ್ಲದ್ದು ಮೀನು ಹಿಡಿಯುವವರ ಇಂಜಿನ್ ದೋಣಿ ಒಂದೇ. ಅದೂ ಪೆಟ್ರೋಲಿದ್ದರೆ.

ನಾಲ್ಕನೆಯ ದಿನ ಮಧ್ಯಾಹ್ನ ರೈತನ ಮಗಳಿಗೆ ಬದುವಿನ ಮೇಲೆ ಹಾವು ಕಚ್ಚಿತು. ಹನ್ನೆರಡು ವರ್ಷದ ಹುಡುಗಿ. ಎಡಗಾಲು ಕಣ್ಣೆದುರೇ ಊದುತ್ತ ಹೋಯಿತು. ಆಸ್ಪತ್ರೆ ಆಚೆ ದಡದಲ್ಲಿ. ದೋಣಿಯಲ್ಲಿ ಹನಿ ಪೆಟ್ರೋಲಿಲ್ಲ. ರೈತ ಮನೆಮನೆಗೆ ಓಡಿದ. ನೀರು ಏರುವ ಸುದ್ದಿ ತಿಳಿದು ಎಲ್ಲರೂ ಬೈಕುಗಳನ್ನು ಆಚೆ ದಡದಲ್ಲೇ ಬಿಟ್ಟಿದ್ದರು. ಊರಲ್ಲಿ ಉಳಿದದ್ದು ಮೂರು. ಮೂರನ್ನೂ ಮಗ್ಗುಲಿಗೆ ಮಲಗಿಸಿ ಬಸಿದರು. ಒಂದು ಲೋಟ ಸಿಕ್ಕಿತು.

ರೈತ ಅಂಗಡಿಯ ಮುಂದೆ ಬಂದು ನಿಂತ. ಸುದ್ದಿ ಮೊದಲೇ ಮುಟ್ಟಿತ್ತು, ವ್ಯಾಪಾರಿ ಆಗಲೇ ಸ್ಟೂಲು ಹತ್ತಿದ್ದ. ಮೇಲಿನ ಹಲಗೆಯ ಬಾಟಲಿ ಇಳಿಸಿ ಧೂಳು ಒರೆಸಿದ. ಅದರಲ್ಲಿ ಅರ್ಧವೇ ಇತ್ತು.

"ಬದಲಾಯಿಸಿ ಆರು ತಿಂಗಳಾಯಿತು," ಎಂದ. "ಉಳಿದದ್ದು ಗಾಳಿಗೆ ಹೋಗಿದೆ."

ಅರ್ಧ ಬಾಟಲಿ ಮತ್ತು ಒಂದು ಲೋಟ. ದೋಣಿ ಹೊಳೆಯ ಮುಕ್ಕಾಲು ಭಾಗ ದಾಟಿತು. ಇಂಜಿನ್ ನಿಂತಿತು. ಸೆಳವು ದೋಣಿಯನ್ನು ಕೆಳಕ್ಕೆ ಒಯ್ಯಿತು. ರೈತ ಮಗಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ, ಬೇರೇನೂ ಮಾಡುವ ಹಾಗಿರಲಿಲ್ಲ. ಒಂದು ಮೈಲಿ ಕೆಳಗೆ ಆಚೆ ದಡದವರು ಹಗ್ಗ ಎಸೆದು ಎಳೆದುಕೊಂಡರು. ಆಸ್ಪತ್ರೆ ಸೇರುವುದು ಒಂದೂವರೆ ಗಂಟೆ ತಡವಾಯಿತು. ಹುಡುಗಿಯ ಜೀವ ಉಳಿಯಿತು. ಎಡಗಾಲಿನ ಎರಡು ಬೆರಳು ಉಳಿಯಲಿಲ್ಲ.

ನೀರು ಇಳಿದ ಮೇಲೆ ರೈತ ಅಂಗಡಿಗೆ ಬಂದು ದುಡ್ಡು ಮುಂದಿಟ್ಟ. ಆ ಬಾಟಲಿಗೆ ಎಷ್ಟು ಎಂದು ಕೇಳಿದ.

"ಅದರ ದುಡ್ಡು ನೀವೆಲ್ಲ ಕೊಡುತ್ತಲೇ ಇದ್ದಿರಿ," ಎಂದ ವ್ಯಾಪಾರಿ. "ಪ್ರತಿ ಲೀಟರಿನಲ್ಲೂ ಸ್ವಲ್ಪಸ್ವಲ್ಪ. ಕೊಡುವುದನ್ನು ನಿಲ್ಲಿಸಿದಿರಿ, ಅದಕ್ಕೇ ಅರ್ಧವಾಯಿತು."

"ಅವತ್ತೇ ಹೇಳಬಾರದಿತ್ತೇ?" ಎಂದ ರೈತ. ಅವನ ಕಣ್ಣಲ್ಲಿ ನೀರು ಬಂದಿತ್ತು.

"ಹೇಳಬೇಕಿತ್ತು," ಎಂದ ವ್ಯಾಪಾರಿ.

ಅಜ್ಜನವರು ಕತೆ ಅಲ್ಲಿಗೇ ಬಿಟ್ಟರು. ಆದರೆ ಚನ್ನವೀರ ಸುಲಭಕ್ಕೆ ಸೋಲುವವನಲ್ಲ.

"ಹಂಪವ್ವ ಹಾಗೆ ಬಾಟಲಿ ಎತ್ತಿಟ್ಟಿಲ್ಲ ಅಜ್ಜಾರೆ. ಇರುವುದನ್ನೆಲ್ಲ ಮಾರುತ್ತಾಳೆ."

"ಇರಬಹುದು. ನಾನು ನೋಡಿಲ್ಲ. ಅವಳು ದೋಚುತ್ತಿರಲೂಬಹುದು. ನೀನು ಭಾಗಿಸಿ ನೋಡಿದೆಯಾ?"

"ಇಲ್ಲ."

"ಈ ಮೂವತ್ತು ಜನ?"

ಅಜ್ಜನವರು ಪೆನ್ನಿನ ಟೊಪ್ಪಿ ತೆಗೆದು, ಬಿಟ್ಟಿದ್ದ ಜಾಗದಲ್ಲಿ ಸಹಿ ಹಾಕಿದರು. ಅರ್ಜಿಯನ್ನು ಎರಡಾಗಿ ಮಡಚಿ ಅವನ ಕೈಗೆ ಕೊಟ್ಟರು. ಚನ್ನವೀರನಿಗೆ ಆಶ್ಚರ್ಯವಾಯಿತು, ಸ್ವಲ್ಪ ಸಂತೋಷವೂ ಆಯಿತು. ಊರಿಗೆ ಬರುವ ಒಂದೇ ಬಸ್ಸು ಬೆಳಿಗ್ಗೆಯೇ ಹೋಗಿತ್ತು. ಕಚೇರಿ ಮುಚ್ಚುವುದಕ್ಕೆ ಇನ್ನು ಎರಡು ಗಂಟೆ ಇತ್ತು. ಅವನು ನಮಸ್ಕಾರ ಮಾಡಿ, ಅರ್ಜಿಯನ್ನು ಜೇಬಿಗಿಟ್ಟು, ಅವಸರದಲ್ಲಿ ಅಂಗಳಕ್ಕಿಳಿದು ಸ್ಕೂಟರಿನ ಹ್ಯಾಂಡಲಿಗೆ ಕೈ ಹಾಕಿದ.

ಅಜ್ಜನವರು ಕೂತಲ್ಲಿಂದಲೇ ಕೇಳಿದರು:

"ಪೆಟ್ರೋಲು ಯಾರ ಅಂಗಡಿಯಲ್ಲಿ ಹಾಕಿಸುತ್ತೀಯಪ್ಪಾ?"