ಎರವಲು ಕೂಗು

"ಗುರುಗಳೇ, ಕಲಿತು ಬಂದ ಸುಳ್ಳನ್ನು ಒಪ್ಪಿಸಿದವಳನ್ನು ಬಾಗಿಲಲ್ಲೇ ತಡೆದು ಕಳಿಸಿದೆ. ಸರಿ ತಾನೇ?" ಎಂದು ಶಿಷ್ಯ ಮುರಿಗೆಪ್ಪ ಕೇಳಿದ.

ಆ ಮಧ್ಯಾಹ್ನ ಒಬ್ಬ ಹೆಂಗಸು ಮಠಕ್ಕೆ ಬಂದು, ಗಂಡ ಕೊಲ್ಲುತ್ತಾನೆ, ಒಳಗೆ ಬಿಡಿ ಎಂದು ಅತ್ತಿದ್ದಳು. ಹಿಂದಿನ ವಾರ ಬೇರೊಬ್ಬಳು ಇದೇ ಮಾತು ಹೇಳಿ ಆಶ್ರಯ ಪಡೆದಿದ್ದಳು. ಒಂದಕ್ಷರವೂ ಆಚೀಚೆ ಇರಲಿಲ್ಲ.

"ಭಲೇ ಜಾಣ! ಕೂತುಕೋ," ಎಂದು ಗುರುಗಳು ಕತೆ ಹೇಳಿದರು.

"ದಕ್ಷಿಣ ಅಮೆರಿಕದ ಕಾಡಿನಲ್ಲಿ ಯೂಫೋನಿಯಾ ಎಂಬ ಹಾಡುಹಕ್ಕಿ ಇದೆ. ಹಣ್ಣು ತಿಂದು ಬದುಕುತ್ತದೆ, ಮುಷ್ಟಿಯೊಳಗೆ ಅಡಗುವಷ್ಟು ಪುಟ್ಟದು. ಗೂಡಿನ ಬಳಿ ಅಪಾಯ ಸುಳಿದರೆ ಬೇರೆ ಹಕ್ಕಿಗಳ ದನಿಯಲ್ಲಿ ಕಿರುಚುತ್ತದೆ. ತಮ್ಮವರೇ ಕೂಗಿದರೆಂದು ಅವು ಹಾರಿ ಬಂದು ಶತ್ರುವಿನ ಮೇಲೆ ಬೀಳುತ್ತವೆ. ಇದು ಕೊಂಬೆಯ ಮೇಲೆ ಕೂತು ನೋಡುತ್ತದೆ. ಕಿಲಾಡಿ!

ಆ ಕಾಡಿನಲ್ಲಿ ಒಬ್ಬ ತಾಯಿ ಹಣ್ಣು ಆಯುತ್ತಿದ್ದಳು. ಕೂಸನ್ನು ಮರಕ್ಕೆ ಕಟ್ಟಿದ ಜೋಲಿಯಲ್ಲಿ ಮಲಗಿಸುವುದು ಅಲ್ಲಿನ ರೂಢಿ. ಹಕ್ಕಿಗಳು ಗಲಾಟೆ ಎಬ್ಬಿಸಿದರೆ ಓಡಿ ಬಂದು ಎತ್ತಿಕೊಳ್ಳಬೇಕು, ಅದೂ ರೂಢಿಯೇ. ಒಂದು ದಿನ ಗಲಾಟೆ ಕೇಳಿ, ಮುಳ್ಳು ಗೀರಿಸಿಕೊಂಡು ಓಡಿ ಬಂದಳು. ನೋಡಿದರೆ ಏನಿದೆ? ಕೂಸು ನಿದ್ದೆಯಲ್ಲಿದೆ. ಜೋಲಿಯ ಮೇಲಿನ ಕೊಂಬೆಯಲ್ಲಿ ಗೂಡು ಕಟ್ಟಿದ್ದ ಈ ಪುಟಾಣಿ ಹಕ್ಕಿ ಒಂದೇ ಕೂತು ಹತ್ತು ಹಕ್ಕಿಗಳ ಕೂಗು ಹಾಕುತ್ತಿದೆ. ಅವಳಿಗೆ ಮೈ ಉರಿದುಹೋಯಿತು. 'ಥೂ ಕಳ್ಳಿ, ನಿನ್ನ ನಾಟಕಕ್ಕೆ ನನ್ನ ಜೀವವೇ ಹೋಗಿತ್ತಲ್ಲೇ!' ಎಂದು ಬೈದಳು. ಆಗಷ್ಟೇ ಗಿಡುಗವೊಂದು ಬಂದು ಹೋದದ್ದನ್ನು ಅವಳು ಕಂಡಿರಲಿಲ್ಲ.

ಮತ್ತೊಂದು ದಿನ ಅದೇ ಕೂಗು. ಜೊತೆಗಿದ್ದ ನಾದಿನಿ ಬೆದರಿ, 'ಅತ್ತಿಗೆ, ಕೂಸು!' ಎಂದಳು.

'ಸುಮ್ಮನಿರೇ. ಹತ್ತು ಹಕ್ಕಿಯಲ್ಲ ಅದು, ಆ ಕಳ್ಳಿ ಒಂದೇ,' ಎಂದು ನಕ್ಕು ಹಣ್ಣು ಕೀಳುತ್ತಲೇ ಇದ್ದಳು.

ಗಂಟಲು ಹರಿಯುವ ಹಾಗೆ ಕೂಗಿತು ಹಕ್ಕಿ. ಆಮೇಲೆ ಥಟ್ಟನೆ ನಿಂತಿತು.

ಕೂಗು ನಿಂತದ್ದೇ ಅವಳಿಗೆ ಭಯ ಹುಟ್ಟಿತು. ಬುಟ್ಟಿ ಬಿಸಾಡಿ ಓಡಿದಳು. ಗೂಡು ಬರಿದಾಗಿತ್ತು. ಆ ಕೊಂಬೆಯಿಂದ ಹಾವೊಂದು ಜೋಲಿಯ ಹಗ್ಗ ಹಿಡಿದು ಇಳಿಯುತ್ತಿತ್ತು. ಕೂಗಿದ ದನಿ ಬೇರೆಯವರದಾದರೇನಪ್ಪ, ಹಾವು ಬಂದದ್ದು ನಿಜವೇ ಆಗಿತ್ತು."

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಮುರಿಗೆಪ್ಪ ಕೂತಲ್ಲಿಂದ ಮುಂದಕ್ಕೆ ಜರುಗಿದ.

"ಕೂಸು? ಕೂಸು ಉಳಿಯಿತೇ, ಗುರುಗಳೇ?"

"ಅದಿರಲಿ, ನೀನು ಬಾಗಿಲಿನಿಂದ ಕಳಿಸಿದವಳು ಯಾವ ದಾರಿ ಹಿಡಿದು ಹೋದಳು, ಹೇಳು."